ಬೀಗ ಮುರಿಯುವ ಪ್ಯಾಚು ಮತ್ತು ಅಚೌರ್ಯಾಣುವ್ರತ

ತಕ್ಕಡಿಯಲ್ಲಿ ಗುಲಗಂಜಿಯಷ್ಟು ವ್ಯತ್ಯಾಸವಾದರೂ ಅಳುಕುವ ಶ್ರಾವಕರ ಮನೆಗಳಲ್ಲಿಯೇ ಇಂದು ಒಂದು ಕಳವು ಅಳುಕಿಲ್ಲದೆ ನಡೆಯುತ್ತಿದೆ. ಬೆಲೆ ತೆತ್ತು ಪಡೆಯಬೇಕಾದ ಗಣಕಯಂತ್ರದ ತಂತ್ರಾಂಶಗಳ ಬೀಗ ಮುರಿಯುವ ‘ಪ್ಯಾಚ್’ ಅಥವಾ ‘ಕ್ರ್ಯಾಕ್’ ಎಂಬ ಸಣ್ಣ ಕಡತವು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ, ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಇದಕ್ಕೆ ಹೊರತಲ್ಲ. ಹಂಚುವವನು ತನ್ನನ್ನು ಪರೋಪಕಾರಿಯೆಂದೇ ಭಾವಿಸುತ್ತಾನೆ. ಪಡೆದವನು ‘ಜಾಣ ಹುಡುಗ’ ಎಂದು ಅವನ ಬೆನ್ನು ತಟ್ಟುತ್ತಾನೆ. ಈ ಜಾಣತನದ ನಿಜನಾಮವೇನೆಂಬುದನ್ನು ವಿಚಾರಿಸಬೇಕಾಗಿದೆ.

ಈ ಪ್ಯಾಚು ಮಾಡುವ ಕೆಲಸವಾದರೂ ಏನು? ತಂತ್ರಾಂಶವು ಆರಂಭವಾಗುವಾಗ ‘ಈತನು ಪರವಾನಗಿ ಪಡೆದವನೇ?’ ಎಂದು ಒಂದೆಡೆ ಪರೀಕ್ಷಿಸುತ್ತದೆ. ಪ್ಯಾಚು ಆ ಸ್ಥಳದ ಕೆಲವೇ ಸಂಕೇತಗಳನ್ನು ತಿದ್ದಿ, ‘ಅಲ್ಲ’ ಎಂಬ ಉತ್ತರವನ್ನು ‘ಹೌದು’ ಎಂದು ನಡೆಯಿಸುತ್ತದೆ. ಯಂತ್ರದೊಳಗೆ ಒಂದು ಸುಳ್ಳುಸಾಕ್ಷಿಯನ್ನು ಕಾಯಮ್ಮಾಗಿ ಕೂರಿಸಿದಂತಾಯಿತು. ಕಳವಿನೊಂದಿಗೆ ಅಸತ್ಯವೂ ಕೂಡಿತು.

‘ಕಳವೆಂದ ಮೇಲೆ ಕಳೆದುಕೊಂಡವನಿರಬೇಕಷ್ಟೆ? ಮೂಲವು ಒಡೆಯನಲ್ಲಿಯೇ ಇದೆ. ನಮ್ಮಲ್ಲಿರುವುದು ಪ್ರತಿ ಮಾತ್ರ’ ಎಂಬುದು ಬಹುಜನರ ವಾದ. ಅನ್ಯರಿಗೆ ಈ ವಾದವು ಒಪ್ಪಿತವಾಗಬಹುದು, ಜೈನರಿಗೆ ಆಗದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಕಳವಿನ ಲಕ್ಷಣವನ್ನು ನಿರೂಪಿಸುವಾಗ ಕಳೆದುಕೊಂಡವನ ನಷ್ಟವನ್ನು ಅಳೆಯಲಿಲ್ಲ; ತೆಗೆದುಕೊಂಡವನ ಕ್ರಿಯೆಯನ್ನು ನೋಡಿದರು. ಅದತ್ತಾದಾನ, ಎಂದರೆ ಕೊಡದುದನ್ನು ಕೊಳ್ಳುವುದು, ಅದೇ ಸ್ತೇಯ. ಒಡೆಯನ ಪೆಟ್ಟಿಗೆ ಬರಿದಾಯಿತೇ ಎಂಬುದಲ್ಲ, ಒಡೆಯನು ಕೊಟ್ಟನೇ ಎಂಬುದೇ ಪ್ರಶ್ನೆ. ಬೀಗವೇ ಅದಕ್ಕೆ ಉತ್ತರ.

ಅದೇ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳು ಉಕ್ತವಾಗಿವೆ. ಕಳವಿಗೆ ಪ್ರೇರಣೆಯನ್ನೂ ಉಪಾಯವನ್ನೂ ಒದಗಿಸುವುದು ಸ್ತೇನಪ್ರಯೋಗ. ಪ್ಯಾಚನ್ನು ಹಂಚುವವನು ಮಾಡುವುದು ಇದನ್ನೇ. ಕದ್ದು ತಂದುದನ್ನು ಸ್ವೀಕರಿಸುವುದು ತದಾಹೃತಾದಾನ. ಪಡೆದವನ ಪಾಲಿಗೆ ಇದು. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯು ಕಳವಿನ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸುವುದನ್ನು ಅಪರಾಧವೆಂದು ಸಾರಿತು. 2012ರಲ್ಲಿ ಸೇರಿದ 65-ಎ ಕಲಮು ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ಬೀಗ ಮುರಿಯುವವನಿಗೆ ಎರಡು ವರ್ಷಗಳವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸಿತು. ಹೀನಾಧಿಕ ಮಾನೋನ್ಮಾನವೊಂದನ್ನು ಬಿಟ್ಟರೆ ಉಳಿದುದು ಪ್ರತಿರೂಪಕ ವ್ಯವಹಾರ. ನಕಲನ್ನು ಅಸಲೆಂದು ನಡೆಯಿಸುವುದಕ್ಕೆ ಬೇರೆ ಉದಾಹರಣೆ ಬೇಕೇ? ಐದರಲ್ಲಿ ನಾಲ್ಕು ದೋಷಗಳು ಒಂದು ಸಣ್ಣ ಕಡತದಲ್ಲಿ ನೆಲೆಸಿವೆ.

ಕದಿಯಲ್ಪಡುವುದು ಯಾವುದೋ ದೂರದೇಶದ ಸಿರಿವಂತರ ಸ್ವತ್ತು ಮಾತ್ರವೆಂದೂ ತಿಳಿಯಬೇಕಿಲ್ಲ. ನಮ್ಮ ಅಂಗಡಿಗಳ ಕಿರ್ದಿ-ಖಾತೆಗಳನ್ನು ಹೊತ್ತಿರುವ ‘ಟ್ಯಾಲಿ’ ಬೆಂಗಳೂರಿನದು. ವ್ಯಾಪಾರಿಯಾಗಿದ್ದ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ಲೆಕ್ಕಪತ್ರಕ್ಕೆ ತಕ್ಕ ತಂತ್ರಾಂಶ ದೊರೆಯದಾಗ, ಮಗ ಭರತ್ ಗೋಯೆಂಕಾ ಅದನ್ನು ರಚಿಸಿದರು. 1986ರಲ್ಲಿ ಸಂಸ್ಥೆಯೇ ಹುಟ್ಟಿತು. ಒಬ್ಬ ವರ್ತಕನ ಮನೆಯಲ್ಲಿ ಹುಟ್ಟಿದ ಶ್ರಮಫಲವನ್ನು ಇನ್ನೊಬ್ಬ ವರ್ತಕನು ಬೀಗ ಮುರಿದು ಬಳಸಿ, ಅದರಲ್ಲಿಯೇ ತನ್ನ ಬಾಕಿಗಳ ಲೆಕ್ಕ ಬರೆದಿಡುವುದು ಎಂತಹ ವಿಪರ್ಯಾಸ!

‘ವಿದ್ಯೆಯನ್ನು ಹಂಚುವುದು ಶಾಸ್ತ್ರದಾನವಲ್ಲವೇ? ಅತ್ತಿಮಬ್ಬೆಯೂ ಪ್ರತಿಗಳನ್ನು ಹಂಚಲಿಲ್ಲವೇ?’ ಎನ್ನುವವರುಂಟು. ಲಕ್ಕುಂಡಿ ನಮಗೆ ದೂರವಲ್ಲ. ಆ ಮಾತನ್ನು ಸರಿಯಾಗಿ ಅರಿಯೋಣ. ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪ ಮತ್ತು ಆತನ ಸೋದರ ಪುನ್ನಮಯ್ಯ. ಅದರ 1,000 ಪ್ರತಿಗಳನ್ನು ಆಕೆ ಸ್ವಂತ ದ್ರವ್ಯದಿಂದ ಬರೆಯಿಸಿ ಹಂಚಿದಳು. ತನ್ನದನ್ನು ತ್ಯಜಿಸುವುದು ದಾನ. ಪರರದನ್ನು ಹಂಚಿ ದಾನಿಯೆನಿಸಿಕೊಳ್ಳುವುದು ದಾನದ ವೇಷ ಮಾತ್ರ.

ಬಡ ವಿದ್ಯಾರ್ಥಿಗೂ ಸಣ್ಣ ಅಂಗಡಿಕಾರನಿಗೂ ಬೆಲೆಯು ಭಾರವೆಂಬುದು ಸತ್ಯ. ಆದರೆ ಕೊಟ್ಟವರೂ ಇದ್ದಾರಲ್ಲ! ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವು ಎಲ್ಲರಿಗೂ ಮುಕ್ತವಾಗಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಉಚಿತವಾಗಿ ದೊರೆಯುತ್ತದೆ. ‘ಲಿನಕ್ಸ್’, ‘ಲಿಬ್ರೆ ಆಫೀಸ್’ ಮುಂತಾದವುಗಳನ್ನು ಕರ್ತೃಗಳೇ ನಕಲು ಮಾಡಲು, ಹಂಚಲು, ತಿದ್ದಲು ಅನುಮತಿಯಿತ್ತು ಲೋಕಕ್ಕೆ ಅರ್ಪಿಸಿದ್ದಾರೆ. ಇವು ದತ್ತ; ಕ್ರ್ಯಾಕ್ ಮಾಡಿದುದು ಅದತ್ತ. ದತ್ತವಿರುವಾಗ ಅದತ್ತಕ್ಕೆ ಕೈ ಚಾಚಿಸುವುದು ಬಡತನವಲ್ಲ, ರೂಢಿ.

ಇನ್ನು ಬಸದಿಗಳ ಟ್ರಸ್ಟುಗಳಿಗೆ ಒಂದು ಮಾತು. ಬೆವರಿನ ಹಣವನ್ನು ಭಕ್ತರು ಭಂಡಾರಕ್ಕೆ ಅರ್ಪಿಸುತ್ತಾರೆ. ಆ ದೇವದ್ರವ್ಯದ ಲೆಕ್ಕವನ್ನು ಕದ್ದ ತಂತ್ರಾಂಶದಲ್ಲಿ ಬರೆಯುವುದು, ಪರ್ಯೂಷಣದ ಆಮಂತ್ರಣವನ್ನು ಕದ್ದ ತಂತ್ರಾಂಶದಲ್ಲಿ ಅಚ್ಚಿಗೆ ಅಣಿಮಾಡುವುದು ಯಾವ ಧರ್ಮ? ಅಪಾಯವೂ ಉಂಟು. ಪ್ಯಾಚನ್ನು ಕೂರಿಸುವ ಮುನ್ನ ವೈರಸ್ ತಡೆಯುವ ಕಾವಲನ್ನು ನಿಲ್ಲಿಸುವಂತೆ ಅದನ್ನು ಹಂಚುವವರು ಸೂಚಿಸುವುದುಂಟು. ಕಾವಲುಗಾರನನ್ನು ಹೊರಗಟ್ಟಿ ಕಳ್ಳನಿಗೆ ಬಾಗಿಲು ತೆರೆದಂತೆ. ಕಡತಗಳನ್ನೆಲ್ಲ ಬಂಧಿಸಿ ಒತ್ತೆಹಣ ಕೇಳುವ ಕುತಂತ್ರಾಂಶಗಳು ಈ ದಾರಿಯಿಂದಲೇ ಒಳನುಗ್ಗಿದ ನಿದರ್ಶನಗಳುಂಟು.

ಆದ್ದರಿಂದ ಪ್ರತಿಯೊಂದು ಟ್ರಸ್ಟೂ ತನ್ನ ಮುಂದಿನ ಸಭೆಯಲ್ಲಿ ಗಣಕಯಂತ್ರಗಳ ಪಟ್ಟಿಯನ್ನು ತರಿಸಲಿ. ಪರವಾನಗಿಯಿಲ್ಲದ ತಂತ್ರಾಂಶವನ್ನು ತೆಗೆಯಿಸಿ, ಬೆಲೆ ತೆತ್ತು ಕೊಳ್ಳಲಿ, ಇಲ್ಲವೇ ಮುಕ್ತವಾದುದನ್ನು ಬಳಸಲಿ. ತಾನು ಮಾಡದಿದ್ದರೂ ಮಾಡಿಸಿದುದಕ್ಕೆ, ಮೆಚ್ಚಿದುದಕ್ಕೆ ಬಂಧವು ತಪ್ಪದು. ಕೃತ, ಕಾರಿತ, ಅನುಮೋದನೆಗಳ ಈ ಪಾಠವನ್ನು ಮಕ್ಕಳಿಗೆ ಹೇಳುವ ಹಿರಿಯರು, ಅದೇ ಮಕ್ಕಳು ತಂದ ಪ್ಯಾಚನ್ನು ಕಂಡು ಹಿಗ್ಗಬಾರದು. ಕೊಪಣವು ಮಹಾತೀರ್ಥವೆಂದು ಹೆಸರಾದುದು ವ್ರತಗಳನ್ನು ಪ್ರಾಣಕ್ಕಿಂತ ಮಿಗಿಲೆಂದು ಬಗೆದವರಿಂದ. ಅವರ ನೆಲದಲ್ಲಿ ಬಾಳುವ ನಮಗೆ ಒಂದು ಪರವಾನಗಿಯ ಬೆಲೆಯು ವ್ರತಕ್ಕಿಂತ ದೊಡ್ಡದಾಗದಿರಲಿ.