ಎಣ್ಣೆಗೈಗೆ ಬರೀ ನೀರು ಸಾಕೆ?

ಮಕ್ಕಳೇ, ನಿಮ್ಮ ಶಾಲೆಯ ಗೋಡೆಯ ಮೇಲೂ ‘ವೈಯಕ್ತಿಕ ನೈರ್ಮಲ್ಯ ಕಾಪಾಡಿ’ ಎಂದು ಬರೆದಿರಬಹುದು. ಪಾಠ ಹೇಳಲು ಹೋದಲ್ಲೆಲ್ಲ ನಾನು ‘ನೈರ್ಮಲ್ಯ ಅಂದರೇನು?’ ಎಂದು ಕೇಳುತ್ತೇನೆ. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಎಂಜಲು ಕೈ ಅಂದರೇನು?’ ಎಂದರೆ ಇಡೀ ತರಗತಿ ಕೈ ಎತ್ತುತ್ತದೆ!

ಇದು ಬರೀ ತಮಾಷೆಯ ಮಾತಲ್ಲ. ಒಂದು ಮಳೆಗಾಲ, ನಾನು ಹೋಗಿದ್ದ ಶಾಲೆಯಲ್ಲಿ ‘ಅತಿಸಾರ ಇದ್ದವರು ತಿಳಿಸಿ’ ಎಂದು ಬೆಳಗ್ಗೆಯೇ ಹೇಳಿದ್ದರು. ಯಾರೂ ಏಳಲಿಲ್ಲ. ‘ಯಾರಿಗಾದರೂ ಬೇಧಿ ಆಗ್ತಿದೆಯೇನ್ರೋ?’ ಎಂದೆ. ನಾಲ್ಕನೇ ತರಗತಿಯ ಪುಟ್ಟ ಹುಡುಗಿ ಮೆಲ್ಲಗೆ ಎದ್ದು ನಿಂತಳು. ಅಷ್ಟರಲ್ಲಿ ನಾಲ್ಕು ಸಲ ‘ಎರಡಕ್ಕೆ’ ಹೋಗಿ ಬಂದಿದ್ದಳು, ಬಾಯಿ ಒಣಗಿತ್ತು. ತಕ್ಷಣ ಓಆರ್‌ಎಸ್ ಕುಡಿಸಿ ಆಸ್ಪತ್ರೆಗೆ ಕಳಿಸಿದೆವು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರವಾಗಬಾರದು, ಮಟ್ಟಸವಾಗಿರಲಿ. ಅಜ್ಜಿಯರೇ, ಉಪ್ಪಿನ ವಿಷಯದಲ್ಲಿ ಕೈಯಂದಾಜು ಬೇಡ.

ಕರಾವಳಿಯ ಮಗುವಿಗೆ ತುಳುವಿನಲ್ಲಿ ‘ಕೈ ದೆಕ್ಕ್’ ಅನ್ನಿ, ತಾಂಡಾದ ಮಗುವಿಗೆ ನೀರನ್ನು ‘ಪಾಣಿ’ ಅನ್ನಿ. ದೊಡ್ಡ ಪದಗಳನ್ನು ಆಮೇಲೆ ಕಲಿತರಾಯಿತು.

ಸಾಬೂನು ಏಕೆ ಬೇಕು ಎಂಬುದನ್ನೂ ಮನೆಯಿಂದಲೇ ತೋರಿಸಬಹುದು. ಅಂಗೈಗೆ ಕೊಬ್ಬರಿ ಎಣ್ಣೆ ಸವರಿ, ಮೇಲೆ ಚಿಟಿಕೆ ರಂಗೋಲಿ ಪುಡಿ ಉದುರಿಸಿ. ಈಗ ಬರೀ ನೀರಲ್ಲಿ ತೊಳೆಯಿರಿ. ನೀರು ಮುತ್ತಿನಂತೆ ಜಾರಿಹೋಗುತ್ತದೆ, ಪುಡಿ ಬಹುಪಾಲು ಅಲ್ಲೇ ಇರುತ್ತದೆ. ದೀಪಾವಳಿಯ ಎಣ್ಣೆಸ್ನಾನ ನೆನಪಾಯಿತೇ? ಎಷ್ಟು ಚೊಂಬು ಬಿಸಿನೀರು ಸುರಿದರೂ ಸೀಗೆಪುಡಿ ಹಾಕಿ ತಿಕ್ಕುವವರೆಗೆ ಅಜ್ಜಿ ಬಿಡುವುದಿಲ್ಲ. ಸಾಬೂನಿನ ಕಣದ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ನೀರು ಹರಿದಾಗ ಜಿಡ್ಡೂ ಅದಕ್ಕೆ ಅಂಟಿದ ರೋಗಾಣುಗಳೂ ಕೊಚ್ಚಿಹೋಗುತ್ತವೆ. ಸೀಗೆಕಾಯಿ, ಅಂಟುವಾಳಗಳಲ್ಲಿರುವ ಸಪೋನಿನ್ ಕೂಡ ಜಿಡ್ಡನ್ನು ಹೀಗೆಯೇ ಬಿಡಿಸುತ್ತದೆ. ಕೈಗೆ ಮಾತ್ರ ಸಾಬೂನೇ ಇರಲಿ. ಬೆರಳ ಸಂದು, ಉಗುರಿನ ಬುಡ ಬಿಡದೆ 20 ಸೆಕೆಂಡು ತಿಕ್ಕಿ. ಊಟಕ್ಕೆ ಮುಂಚೆ, ಕಕ್ಕಸಿಗೆ ಹೋಗಿ ಬಂದ ಮೇಲೆ ತಪ್ಪಿಸಲೇಬೇಡಿ.

ಮನೆಮಾತಿನ ಪದಗಳೆಲ್ಲ ಒಳ್ಳೆಯವೇ ಎಂದು ನಾನು ಹೇಳಲಾರೆ. ಎಂಜಲು, ಮುಸುರೆ ಇರಲಿ. ಆದರೆ ‘ಮೈಲಿಗೆ’ಯನ್ನು ಈ ಪಾಠಕ್ಕೆ ತರಬೇಡಿ. ಆ ಹೆಸರಲ್ಲಿ ಮನುಷ್ಯರನ್ನೇ ದೂರ ನಿಲ್ಲಿಸಿದ್ದೇವೆ. ರೋಗಾಣು ಯಾರ ಮನೆ, ಯಾವ ಕೇರಿ ಎಂದು ಕೇಳುವುದಿಲ್ಲ. ತೊಳೆಯದ ಕೈ ಯಾರದಾದರೂ ಅದಕ್ಕೆ ಸಾಕು.

ಈ ಭಾನುವಾರ ಅಜ್ಜಿಯನ್ನು ಕೇಳಿ ನಾಲ್ಕು ಅಂಟುವಾಳದ ಕಾಯಿ ನೆನೆಹಾಕಿ, ಮರುದಿನ ಕಿವುಚಿ ನೊರೆ ಬರಿಸಿ ನೋಡಿ. ಕಣ್ಣಿಗೆ ಸಿಡಿದರೆ ಬಹಳ ಉರಿಯುತ್ತದೆ, ಜೋಕೆ!