ಕುಡುಕನ ಮನೆಯ ಮಗಳು ದಾದಿಯಾದಾಗ

ವಾಡಿಯ ಸಿಮೆಂಟ್ ಕಾರ್ಮಿಕರ ಓಣಿಯಿರಲಿ, ಶಹಾಬಾದ, ಚಿತ್ತಾಪುರದ ಕಲ್ಲುಗಣಿಯ ಊರುಗಳಿರಲಿ, ಸೇಡಂ ಪೇಟೆಯಿರಲಿ, ಚಿಂಚೋಳಿಯ ಹಳ್ಳಿಯಿರಲಿ, ಬಟವಾಡೆಯ ಸಂಜೆ ಕುಡುಕನ ಮನೆಯಲ್ಲಿ ಏನು ನಡೆಯುತ್ತದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೇ ಸಾಕ್ಷಿ. ತಂದೆಯ ವಾಂತಿ ಬಳಿಯುವವಳು, ತಮ್ಮಂದಿರಿಗೆ ಉಣಿಸುವವಳು, ತಾಯಿಯ ಗಾಯಕ್ಕೆ ಅರಿಸಿನ ಹಚ್ಚುವವಳು ಹಿರಿಯ ಮಗಳೇ. ಅವಳು ಮುಂದೆ ನರ್ಸಿಂಗ್ ಸೇರಿದರೆ, ಸೇವೆ ಅವಳ ರಕ್ತದಲ್ಲೇ ಇದೆ ಎಂದು ಜನ ಹೊಗಳುತ್ತಾರೆ.

ಈ ಹೊಗಳಿಕೆಯನ್ನು ನಾವು ಒಪ್ಪುವುದಿಲ್ಲ. ಅದು ರಕ್ತದಿಂದ ಬಂದದ್ದಲ್ಲ, ಬೇರೆ ಗತಿಯಿಲ್ಲದೆ ಕಲಿತದ್ದು. ದಾದಿಯರೆಲ್ಲ ಅಂಥ ಮನೆಯವರೂ ಅಲ್ಲ. ಮೂರು ವರ್ಷದ ಜಿ.ಎನ್.ಎಂ. ಮುಗಿಸಿದರೆ ಸ್ವಂತ ದುಡಿಮೆ, ಯಾರ ಹಂಗೂ ಇಲ್ಲ ಎಂಬುದು ಹಲವರ ಲೆಕ್ಕ. ಅದು ನ್ಯಾಯವಾದ ಲೆಕ್ಕ.

ಆದರೆ ಮನೆಯಲ್ಲಿ ಬಾಯಿಮುಚ್ಚಿ ಸಹಿಸಿದವಳು ಆಸ್ಪತ್ರೆಯಲ್ಲೂ ಸಹಿಸುವಳೆಂದು ಮಾಲೀಕ ಬಲ್ಲ. ಸೇವೆಯ ಹೆಸರಿನಲ್ಲಿ ಪಗಾರ ಕಡಿಯುತ್ತಾನೆ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ನೇಮಕವಾದ ಸಮಿತಿಯು, ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ದಾದಿಯ ತಿಂಗಳ ಪಗಾರ 20,000 ರೂಪಾಯಿಗೆ ಕಡಿಮೆಯಿರಬಾರದೆಂದಿತು. ಆ ಮಾತು ಕಾಗದದಲ್ಲೇ ಉಳಿಯಬಾರದು.

ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ. ಕುಡಿತ ಬಿಡಿಸುವ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು. ಕಲಬುರಗಿಯಲ್ಲಿ ಇ.ಎಸ್.ಐ. ನಿಗಮದ ನರ್ಸಿಂಗ್ ಕಾಲೇಜಿದೆ. ಆ ನಿಗಮಕ್ಕೆ ಕಾರ್ಮಿಕ ತನ್ನ ಪಗಾರದ ಪ್ರತಿ ನೂರು ರೂಪಾಯಿಗೆ 75 ಪೈಸೆ ಕೊಡುತ್ತಾನೆ. ಅಲ್ಲಿ ಕಲಿಯುವುದು ಅವನ ಮಗಳಿಗೆ ಭಿಕ್ಷೆಯಲ್ಲ, ಹಕ್ಕು.

ಕಾರ್ಮಿಕ ಬಂಧುಗಳೇ, ಮಗಳು ದಾದಿಯಾಗಲಿ. ಆದರೆ ಮನೆಯಿಂದ ಓಡಿಹೋಗಲು ಅಲ್ಲ, ತಾನೇ ಆರಿಸಿಕೊಂಡು ಆಗಲಿ.