ಪ್ರಯೋಗಶಾಲೆಯಲ್ಲಿ ಸುಳ್ಳಿನ ಪಾಠ

ಮಳೆಗಾಲ ಕಾಲಿಡುತ್ತಿದ್ದಂತೆ ಕಾಲೇಜುಗಳು ತೆರೆಯುತ್ತವೆ. ಮುಂಬಯಿಯ ಯಾವುದಾದರೊಂದು ಕಾಲೇಜಿನ ಭೌತಶಾಸ್ತ್ರ ವಿಭಾಗದ ಮುಂದೆ ನಿಂತು ಗೋಡೆಯ ಮೇಲಿನ ಸೂಚನಾಪತ್ರವನ್ನು ಓದಿ ನೋಡಬೇಕು. ನೂರಕ್ಕೆ ಎಪ್ಪತ್ತೈದು ಹಾಜರಾತಿ ಕಡ್ಡಾಯ. ಕಡಿಮೆಯಾದವರ ಹೆಸರು ‘ಡಿಫಾಲ್ಟರ್’ ಪಟ್ಟಿಗೆ. ನಿಗದಿಯಾದಷ್ಟು ಪ್ರಯೋಗಗಳನ್ನು ಜರ್ನಲ್ಲಿನಲ್ಲಿ ಬರೆದು, ವಿಭಾಗದ ಮುಖ್ಯಸ್ಥರ ಸಹಿ ಪಡೆಯದವರಿಗೆ ಪ್ರಾಯೋಗಿಕ ಪರೀಕ್ಷೆಗೆ ಪ್ರವೇಶವಿಲ್ಲ. ತಡವಾಗಿ ಒಪ್ಪಿಸಿದರೆ ಅಂಕ ಕಡಿತ. ಚೆನ್ನೈಗೆ ಹೋದರೆ ಜರ್ನಲ್ಲಿಗೆ ‘ರೆಕಾರ್ಡ್’ ಎಂಬ ಹೆಸರು. ಉಳಿದ ಕಥೆ ಅದೇ. ವಿದ್ಯಾರ್ಥಿಯಿಂದ ಏನನ್ನೆಲ್ಲ ನಿರೀಕ್ಷಿಸಬಹುದೋ ಅದೆಲ್ಲವೂ ಆ ಕಾಗದದಲ್ಲಿದೆ. ಒಂದು ಮಾತು ಮಾತ್ರ ಇಲ್ಲ: ಕಂಡದ್ದನ್ನು ಕಂಡಂತೆ ಬರೆಯತಕ್ಕದ್ದು.

ಇದು ಕಣ್ತಪ್ಪಿನಿಂದ ಬಿಟ್ಟುಹೋದ ಮಾತಲ್ಲ ಎಂಬುದೇ ನನ್ನ ವಾದ. ಆ ಒಂದು ಮಾತನ್ನು ಸೇರಿಸಿದರೆ ಉಳಿದ ನಿಯಮಗಳಲ್ಲಿ ಅರ್ಧದಷ್ಟು ನಿಲ್ಲಲಾರವು.

ನಾಲ್ಕು ದಶಕಗಳ ಹಿಂದೆ ಇದೇ ನಗರದ ಒಂದು ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದೆ. ಕಾಲೇಜಿನ ಹೆಸರು ಬೇಡ. ದೋಷ ಅದೊಂದರದ್ದೇ ಆಗಿರಲಿಲ್ಲ. ಸರಳ ಲೋಲಕದ ಪ್ರಯೋಗ. ಒಂದು ಮೀಟರು ದಾರದ ತುದಿಗೆ ಲೋಹದ ಗುಂಡು, ಕೈಯಲ್ಲಿ ಸ್ಟಾಪ್‌ವಾಚು, ಇಪ್ಪತ್ತು ಆಂದೋಲನಗಳ ಎಣಿಕೆ. ಗುರುತ್ವ ವೇಗೋತ್ಕರ್ಷ 9.68 ಎಂದು ಬಂತು. ಇನ್ನೊಮ್ಮೆ ಮಾಡಿದೆ, 9.73. ಅಧ್ಯಾಪಕರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಜರ್ನಲ್ಲನ್ನು ಹಿಂದಿರುಗಿಸಿದರು. ಪ್ರಯೋಗಶಾಲೆಯ ಸಹಾಯಕರು ನನ್ನ ಮುಖ ನೋಡಿ ಮರುಗಿ, ಬರಬೇಕಾದ್ದು 9.81, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಸೆಕೆಂಡುಗಳನ್ನು ತುಂಬಿಬಿಡು ಎಂದು ಮರಾಠಿಯಲ್ಲಿ ಉಪದೇಶಿಸಿದರು. ತುಂಬಿದೆ. ಸಹಿ ಬಿತ್ತು. ಹತ್ತಕ್ಕೆ ಒಂಬತ್ತು ಅಂಕ. ವಿಶ್ವವಿದ್ಯಾಲಯ ನನಗೆ ಕಲಿಸಿದ ಮೊದಲ ಭೌತಶಾಸ್ತ್ರ ಇದು.

ಆ 9.81 ಎಲ್ಲಿಯದು ಎಂದು ಅಂದು ಯಾರೂ ಕೇಳಲಿಲ್ಲ. ಭೂಮಿ ತಿರುಗುತ್ತಿರುವುದರಿಂದಲೂ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿರುವುದರಿಂದಲೂ ಗುರುತ್ವ ಎಲ್ಲೆಡೆ ಒಂದೇ ಅಲ್ಲ. ಸಮಭಾಜಕದಲ್ಲಿ ಸುಮಾರು 9.78, ಧ್ರುವಗಳಲ್ಲಿ ಸುಮಾರು 9.83. ಮುಂಬಯಿ ಮತ್ತು ದೆಹಲಿಗಳಲ್ಲಿ ಅದು 9.79ರ ಆಸುಪಾಸು, ಚೆನ್ನೈ, ಹೈದರಾಬಾದು, ಬೆಂಗಳೂರುಗಳಲ್ಲಿ 9.78. ಹಾಗಾದರೆ 9.81? ಅದು ಲಂಡನ್ನಿನ ಗುರುತ್ವ. ಬ್ರಿಟಿಷರು ಹೋಗಿ ಮುಕ್ಕಾಲು ಶತಮಾನ ಕಳೆದ ಮೇಲೂ ಅರಬ್ಬೀ ಸಮುದ್ರದ ದಡದಲ್ಲಿ ಕುಳಿತ ನಮ್ಮ ಮಕ್ಕಳು ಥೇಮ್ಸ್ ನದಿಯ ದಡದ ಅಂಕಿಯನ್ನು ತಮ್ಮ ಕೈಯಾರೆ ಅಳೆದದ್ದೆಂದು ಬರೆದು ಸಹಿ ಪಡೆಯುತ್ತಿದ್ದಾರೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಒಂದು ಮೀಟರಿನ ಲೋಲಕ ಮುಂಬಯಿಯಲ್ಲಿ ಇಪ್ಪತ್ತು ಸಲ ತೂಗಲು 40.17 ಸೆಕೆಂಡು ಬೇಕು, ಲಂಡನ್ನಿನಲ್ಲಿ 40.12. ಅಂತರ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ. ಸ್ಟಾಪ್‌ವಾಚಿನ ಗುಂಡಿ ಒತ್ತುವ ಬೆರಳಿನ ವಿಳಂಬವೇ ಐದನೆಯ ಒಂದು ಭಾಗದಷ್ಟು. ಅಂದಮೇಲೆ ಆ ಪ್ರಯೋಗದಲ್ಲಿ ಪ್ರಾಮಾಣಿಕವಾದ ಉತ್ತರ ‘9.7, ಹೆಚ್ಚುಕಡಿಮೆ 0.1’ ಎಂಬಂಥದ್ದು. ಅಧ್ಯಾಪಕರು ಹಿಂದಿರುಗಿಸಿದ್ದು ನಿಜವನ್ನು. ಸಹಿ ಹಾಕಿದ್ದು ಉಪಕರಣಕ್ಕೆ ಕಾಣಲು ಸಾಧ್ಯವೇ ಇಲ್ಲದ ಒಂದು ಅಂಕಿಗೆ. ‘ಇಪ್ಪತ್ತು ಸಾಲದು, ತೂಗಾಟವನ್ನು ಸಣ್ಣದಾಗಿಟ್ಟು ಇನ್ನೂರು ಎಣಿಸು’ ಎಂದು ಅವರು ಹೇಳಬಹುದಿತ್ತು. ಆರು ನಿಮಿಷ ನಲವತ್ತೆರಡು ಸೆಕೆಂಡುಗಳ ತಾಳ್ಮೆ ಸಾಕು. ಬೆರಳಿನ ತಪ್ಪು ಹತ್ತು ಪಟ್ಟು ಹಂಚಿಹೋಗುತ್ತದೆ. ದಾರದ ಉದ್ದವನ್ನೂ ಅರ್ಧ ಮಿಲಿಮೀಟರಿನ ಎಚ್ಚರದಿಂದ ಅಳೆದರೆ ಲಂಡನ್ನಿಗೂ ಮುಂಬಯಿಗೂ ಇರುವ ಅಂತರ ಒಂದು ದಾರ, ಒಂದು ಗುಂಡಿನಲ್ಲಿಯೇ ಕಾಣತೊಡಗುತ್ತದೆ. ಹದಿನೆಂಟು ವರ್ಷದ ಹುಡುಗನಿಗೆ ಅದೆಂತಹ ಬೆರಗು! ಆ ಬೆರಗನ್ನು ಅವನಿಂದ ಕಿತ್ತುಕೊಂಡದ್ದು ಒಂದು ಸಹಿ.

ಹೊಂದದ ಅಂಕಿಯನ್ನು ಬಚ್ಚಿಡದವರಿಂದಲೇ ವಿಜ್ಞಾನ ಮುಂದೆ ಸಾಗಿದೆ. ಗಾಳಿಯಿಂದ ತೆಗೆದ ಸಾರಜನಕವು ರಾಸಾಯನಿಕಗಳಿಂದ ತೆಗೆದ ಸಾರಜನಕಕ್ಕಿಂತ ತುಸು ಹೆಚ್ಚು ತೂಗುವುದನ್ನು ಇಂಗ್ಲೆಂಡಿನ ರ್‍ಯಾಲೆ ಕಂಡರು. ಅಲ್ಪ ಅಂತರ ಎಂದು ತಳ್ಳಿಹಾಕದೆ 1892ರಲ್ಲಿ ‘ನೇಚರ್’ ಪತ್ರಿಕೆಗೆ ಕಾಗದ ಬರೆದು, ಇದಕ್ಕೆ ಕಾರಣ ಬಲ್ಲವರು ತಿಳಿಸಿ ಎಂದು ಕೇಳಿಕೊಂಡರು. ಎರಡು ವರ್ಷಗಳಲ್ಲಿ ರ್‍ಯಾಮ್ಸೆಯವರೊಡಗೂಡಿ ಆರ್ಗಾನ್ ಎಂಬ ಹೊಸ ಮೂಲವಸ್ತುವನ್ನೇ ಹೊರತೆಗೆದರು; 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ರ್‍ಯಾಲೆ ನಮ್ಮ ಬಿ.ಎಸ್ಸಿ. ತರಗತಿಯಲ್ಲಿದ್ದಿದ್ದರೆ ‘ಪುನಃ ಮಾಡು’ ಎಂಬ ಕೆಂಪು ಶಾಯಿಗೆ ಹೆದರಿ ಅಂಕಿ ತಿದ್ದಿ ಪಾಸಾಗುತ್ತಿದ್ದರು.

ಅಧ್ಯಾಪಕರೆಲ್ಲ ಅಪ್ರಾಮಾಣಿಕರೆಂದು ನಾನು ಹೇಳುತ್ತಿಲ್ಲ. ನಿಯಮಗಳು ಎಣಿಸಲು ಸುಲಭವಾದುದನ್ನಷ್ಟೇ ಎಣಿಸುತ್ತವೆ: ಬಂದ ದಿನಗಳು, ತುಂಬಿದ ಪುಟಗಳು, ಬಿದ್ದ ಸಹಿಗಳು. ವಿಶ್ವವಿದ್ಯಾಲಯ ಅನುದಾನ ಆಯೋಗವು 2015ರಲ್ಲಿ ಕೊಟ್ಟ ಕ್ರೆಡಿಟ್ ಪದ್ಧತಿಯ ಮಾರ್ಗಸೂಚಿಯಲ್ಲಿ ವಾರಕ್ಕೆ ಒಂದು ಗಂಟೆಯ ಉಪನ್ಯಾಸಕ್ಕೆ ಒಂದು ಕ್ರೆಡಿಟ್; ಪ್ರಯೋಗಕ್ಕಾದರೆ ಅದೇ ಒಂದು ಕ್ರೆಡಿಟ್ಟಿಗೆ ಎರಡು ಗಂಟೆ. ಉಪನ್ಯಾಸ ಕೇಳಿದವನು ಮನೆಯಲ್ಲಿ ಓದಬೇಕಲ್ಲ ಎಂಬುದು ಇದರ ಸಮರ್ಥನೆ. ಪ್ರಯೋಗ ಮಾಡಿದವನು ಮನೆಯಲ್ಲಿ ಯೋಚಿಸಬೇಕಾಗಿಲ್ಲ ಎಂದು ಹಾಗಾದರೆ ತೀರ್ಮಾನಿಸಿದವರು ಯಾರು? ಕೈಕೆಲಸ ಕೀಳು, ಬಾಯಿಪಾಠ ಮೇಲು ಎಂಬ ನಮ್ಮ ಹಳೆಯ ಜಾಡ್ಯ ಕ್ರೆಡಿಟ್ಟಿನ ಲೆಕ್ಕದಲ್ಲಿ ಹೊಸ ವೇಷ ತೊಟ್ಟಿದೆ.

ಒಂದು ಆಕ್ಷೇಪ ಬರುತ್ತದೆ, ಬರಲಿ. ಒಂದು ಉಪಕರಣಕ್ಕೆ ಹಲವು ವಿದ್ಯಾರ್ಥಿಗಳು. ಅಧ್ಯಾಪಕರಲ್ಲಿ ಅನೇಕರು ಗಂಟೆಯ ಲೆಕ್ಕದಲ್ಲಿ ದುಡಿಯುವವರು. ನಿಯಮ ಸಡಿಲಿಸಿದರೆ ಹುಡುಗರು ಕೋಚಿಂಗ್ ಕ್ಲಾಸಿಗೆ ಹೋಗುತ್ತಾರೆಯೇ ಹೊರತು ಕಾಲೇಜಿಗಲ್ಲ. ಇದೆಲ್ಲ ನಿಜ. ಆದರೆ ನಾನು ಕೇಳುತ್ತಿರುವುದಕ್ಕೆ ಹೊಸ ಉಪಕರಣವೂ ಬೇಡ, ಹೊಸ ಕಟ್ಟಡವೂ ಬೇಡ. ಪ್ರಯೋಗಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ, ಪ್ರತಿಯೊಂದಕ್ಕೂ ಇಮ್ಮಡಿ ಕಾಲ ಕೊಡಿ. ಅಳತೆಗಳನ್ನು ಅಲ್ಲಿಯೇ ಶಾಯಿಯಲ್ಲಿ ಬರೆಯಿಸಿ, ಅಂದೇ ಸಹಿ ಹಾಕಿ, ಆಮೇಲೆ ತಿದ್ದುವಂತಿಲ್ಲ. ಪುಸ್ತಕದ ಅಂಕಿಗೆ ಹೊಂದಿದ್ದಕ್ಕೆ ಅಂಕವಿಲ್ಲ; ಎಷ್ಟು ಹೊಂದಲಿಲ್ಲ, ಏಕೆ ಹೊಂದಲಿಲ್ಲ ಎಂದು ವಿವರಿಸಿದ್ದಕ್ಕೆ ಅಂಕ. ವಿದ್ಯಾರ್ಥಿ ತಡಮಾಡಿದರೆ ಅಂಕ ಕಡಿಯುವ ವಿಭಾಗವು ಅವನ ಜರ್ನಲ್ಲನ್ನು ಎಷ್ಟು ದಿನಗಳಲ್ಲಿ ಓದಿ ಹಿಂದಿರುಗಿಸುತ್ತದೆ ಎಂಬುದೂ ಅದೇ ಗೋಡೆಯ ಮೇಲೆ, ಅದೇ ಕಾಗದದಲ್ಲಿ ಇರಲಿ. ನಿರೀಕ್ಷೆ ಒಂದೇ ಕಡೆಯದಾದರೆ ಅದು ಕಾವಲು. ಎರಡೂ ಕಡೆಯದಾದಾಗಲೇ ಶಿಕ್ಷಣ.

ಹಾಜರಾತಿಯ ನಿಯಮಕ್ಕೂ ನಮ್ಮವರಿಗೂ ಒಂದು ಹಳೆಯ ಲೆಕ್ಕವಿದೆ. ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಹುಡುಗರು ಮುಂದೆ ಬಿ.ಎ., ಬಿ.ಕಾಂ. ಮಾಡಿದರು, ವಕೀಲರಾದರು, ಬ್ಯಾಂಕು ಸೇರಿದರು. ಭೌತಶಾಸ್ತ್ರ ಓದಿದವರು ಅವರಲ್ಲಿ ಎಷ್ಟು ಮಂದಿ ಎಂದು ನಿಮ್ಮ ಪರಿಚಯದವರನ್ನೇ ನೆನೆದು ಎಣಿಸಿ ನೋಡಿ. ವಾಣಿಜ್ಯಕ್ಕೂ ಕಾನೂನಿಗೂ ಬೆಳಗಿನ ತರಗತಿಗಳಿದ್ದವು. ಪ್ರಯೋಗಶಾಲೆಯ ಬೀಗ ಮಾತ್ರ ಹೋಟೆಲಿನ ಗಿರಾಕಿಗಳ ಹೊತ್ತಿಗೇ ತೆರೆದು ಸಂಜೆಗೆ ಮುಚ್ಚುತ್ತಿತ್ತು. ಬುದ್ಧಿಯ ಕೊರತೆ ಅವರನ್ನು ತಡೆಯಲಿಲ್ಲ, ವೇಳಾಪಟ್ಟಿ ತಡೆಯಿತು. ಇಂದು ಹಗಲು ಕೊರಿಯರ್ ಹಂಚಿ, ರಾತ್ರಿ ಕಾವಲು ಕಾದು ಓದಬಯಸುವ ಬಡ ಹುಡುಗ ಯಾವ ಭಾಷೆಯವನೇ ಆಗಿರಲಿ, ಅವನೂ ಅದೇ ಬೀಗದ ಮುಂದೆ ನಿಂತಿದ್ದಾನೆ. ಭಾನುವಾರ ಅರ್ಧ ದಿನ ಪ್ರಯೋಗಶಾಲೆ ತೆರೆಯಿರಿ. ಆಮೇಲೆ ಎಪ್ಪತ್ತೈದನ್ನು ಕೇಳಿರಿ.

ಕನ್ನಡದ ಪತ್ರಿಕೆಯಲ್ಲಿ ಈ ಮಾತೇಕೆ ಎನ್ನುವವರಿಗೆ ಬೆಳ್ಳಾವೆ ವೆಂಕಟನಾರಣಪ್ಪನವರನ್ನು ನೆನಪಿಸುತ್ತೇನೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಇವು ಎರಡು ಬೇರೆ ಕೆಲಸಗಳಲ್ಲ. ಒಳ್ಳೆಯ ಗ್ರಂಥಸಂಪಾದಕನು ತಾಳೆಗರಿಯಲ್ಲಿ ಕಂಡ ಹೊಂದದ ಪಾಠವನ್ನು ಅಳಿಸುವುದಿಲ್ಲ. ಅಡಿಟಿಪ್ಪಣಿಯಲ್ಲಿ ಪಾಠಾಂತರವೆಂದು ಉಳಿಸುತ್ತಾನೆ. ಒಳ್ಳೆಯ ಪ್ರಯೋಗಶೀಲನೂ ಅಷ್ಟೇ. ಭೌತಶಾಸ್ತ್ರದ ಇನ್ನೊಬ್ಬ ಮೇಷ್ಟ್ರು ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೊಂದು ಸಮಿತಿಯನ್ನೇ ರಚಿಸಿದರು. ಪವಾಡಪುರುಷರನ್ನು ಪರೀಕ್ಷೆಗೆ ಕರೆದ ನಾಡಿನ ಮಕ್ಕಳಿಗೆ ಪುಸ್ತಕದ ಒಂದು ಅಂಕಿಯನ್ನು ಪರೀಕ್ಷಿಸುವ ಧೈರ್ಯವೂ ಇಲ್ಲದಂತೆ ಮಾಡಿದ್ದೇವೆ.

‘ನಾವು’ ಎಂದೆ, ಏಕೆಂದರೆ ನಮ್ಮ ಸಂಘಗಳೂ ಇದರಲ್ಲಿ ಪಾಲುದಾರರು. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ಪ್ರತಿಭಾ ಪುರಸ್ಕಾರ ಮಾಡುತ್ತೇವೆ. ತೊಂಬತ್ತಕ್ಕೆ ಮೇಲ್ಪಟ್ಟವರಿಗೆ ಶಾಲು, ಹಾರ, ಫಲಕ. ಅಂಕಪಟ್ಟಿಯ ಪ್ರತಿಯನ್ನು ಅರ್ಜಿಯೊಡನೆ ಕೇಳುತ್ತೇವೆ. ಜರ್ನಲ್ಲನ್ನು ಯಾರೂ ಕೇಳುವುದಿಲ್ಲ. ಮುಂದಿನ ವರ್ಷ ಒಂದು ಬಹುಮಾನವನ್ನಾದರೂ ಬೇರೆಯಾಗಿಡೋಣ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ನಮ್ಮ ಮಕ್ಕಳು ತಂತಮ್ಮ ಊರಿನಲ್ಲಿ ಲೋಲಕ ಕಟ್ಟಿ ಇನ್ನೂರು ಆಂದೋಲನ ಎಣಿಸಿ, ಬಂದ ಅಂಕಿಯನ್ನು ಅದರ ಅನುಮಾನದ ಸಮೇತ, ಬೇಕಾದರೆ ಕನ್ನಡದಲ್ಲೇ ಬರೆದು ಕಳಿಸಲಿ. 9.81 ಎಂದು ಚೊಕ್ಕವಾಗಿ ಬರೆದು ಕಳಿಸಿದವರಿಗೆ ಬಹುಮಾನವಿಲ್ಲ ಎಂಬ ಒಂದೇ ನಿಯಮ ಸಾಕು.